ಹೊಸ ನೀರಿನ ತಮಟೆ

ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಕಪಿಲೆ ದಡದಲ್ಲಿ ನಮ್ಮೂರು. ಎರಡು ವರ್ಷ ಮಳೆ ಮುಖ ತೋರಿಸಿರಲಿಲ್ಲ. ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ಮೊಗೆಯುವ ಪಾಡು. ಆಗ ಪಟೇಲ ಪುಟ್ಟಬಸವಯ್ಯನವರು ಊರನ್ನು ಕೂಡಿಸಿ ಹರಕೆ ಹೊರಿಸಿದರು.

"ಒಸ ನೀರು ಬಂದ್ ದಿವ್ಸ ತಳವಾರ ತಮಟೆ ಬಡೀಲಿ. ಮುತ್ತೈದೇರೆಲ್ಲ ಓಗಿ ಒಳೆಗೆ ಬಾಗಿನ ಕೊಡ್ಲಿ. ಮಿಕ್ಕ ಕೆಲ್ಸ ಆಮ್ಯಾಕೆ."

ನೀರು ಬರಲಿ ಎಂದು ಎಲ್ಲರೂ ಬೇಡಿಕೊಂಡರು. ಎಷ್ಟು ಬರಲಿ ಎಂದು ಹೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ತಳವಾರ ಕಲ್ಲಯ್ಯನ ಮಗಳು ಮುತ್ತಮ್ಮ ಆಷಾಢಕ್ಕೆ ತವರಿಗೆ ಬಂದಿದ್ದಳು. ಮದುವೆಯಾದ ಮೊದಲ ಆಷಾಢ. ಮೊರಕ್ಕೆ ಅರಿಸಿನ ಬಳಿದು, ಬಳೆ ಕಾಳು ತುಂಬಿ, ಮೇಲೊಂದು ಮೊರ ಮುಚ್ಚಿ ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ತಾಯಿಯಿಲ್ಲದ ಹುಡುಗಿ. ಕಲ್ಲಯ್ಯನಿಗೆ ಹಿಂದೆ ಮುಂದೆ ಅವಳೊಬ್ಬಳೇ.

ಒಂದು ಬೆಳಗ್ಗೆ ಅಮಲ್ದಾರರು ಕಳಿಸಿದ ಕುದುರೆ ಸವಾರ ಬಂದ. "ನಂಜನಗೂಡಲ್ಲಿ ಸ್ನಾನಘಟ್ಟ ಮುಳುಗೋಗದೆ. ಇನ್ನೇನು ಇಲ್ಗೂ ಬತ್ತದೆ. ಜನಾನ ದಿಬ್ಬ ಅತ್ತಿಸು" ಎಂದವನೇ ನರಸೀಪುರದ ದಾರಿ ಹಿಡಿದ.

ಕಲ್ಲಯ್ಯ ದಿಬ್ಬದ ಮೇಲೆ ನಿಂತು ತಮಟೆ ಬಡಿದ. ಊರನ್ನು ಎಬ್ಬಿಸಲು ತಳವಾರನಿಗೆ ಬೇರೇನು ಗೊತ್ತು? ಬಾಗಿಲುಗಳಿಂದ ಹೆಂಗಸರು ಮೊರ ಹಿಡಿದು ಹೊರಬಂದಾಗಲೇ ಅವನಿಗೆ ಹರಕೆ ನೆನಪಾದದ್ದು. "ಒಳೆ ಕಡೆ ಓಗ್ಬೇಡಿ, ಇತ್ಲಾಗ್ ಬನ್ರವ್ವಾ" ಎಂದು ಕೂಗಿದ. ಗಾಳಿ ಎದುರಿಗಿತ್ತು. ಮಾತು ಮುಟ್ಟಲಿಲ್ಲ. ಹಿಂದಕ್ಕೆ ತಿರುಗಲಿ ಎಂದು ಇನ್ನೂ ಜೋರಾಗಿ ಬಡಿದ. ಅವರು ಇನ್ನೂ ಬಿರುಸಾಗಿ ಹೊಳೆಯ ಕಡೆ ನಡೆದರು. ಎಲ್ಲರಿಗಿಂತ ಮುಂದೆ ಮುತ್ತಮ್ಮ.

ತಮಟೆ ಬಿಸಾಡಿ ಓಡಿದ. ಸಿಕ್ಕವರನ್ನೆಲ್ಲ ಹಿಂದಕ್ಕೆ ತಳ್ಳಿದ. ನನ್ನ ಮಗಳೊಬ್ಬಳು ಉಳಿದರೆ ಸಾಕು, ಊರು ಹಾಳಾಗಿ ಹೋಗಲಿ ಎಂದೂ ಅಂದುಕೊಂಡ. ತಪ್ಪೇನು, ಹೆತ್ತ ಕರುಳು.

ಮುತ್ತಮ್ಮ ಮರಳಿಗಿಳಿದು ನಡುಹೊಳೆಯವರೆಗೂ ಹೋಗಿದ್ದಳು. ಕೆಂಪು ನೀರು ಪಾದ ನೆನೆಸುತ್ತಿತ್ತು. ಅಪ್ಪನನ್ನು ಕಂಡು ನಕ್ಕಳು.

"ನಿನ್ ತಮಟೆ ಕೇಳ್ದೇಟ್ಗೇ ಓಡ್ಬಂದೆ ಕಣಪ್ಪ. ನಾನೇ ಮೊದ್ಲು."

ಅವನು ಕೈ ಚಾಚಿಕೊಂಡು ನುಗ್ಗಿದ. ಅಷ್ಟರಲ್ಲಿ ಮೇಲಿನ ತಿರುವಿನಿಂದ ದೊಡ್ಡ ನೀರು ಬೇರುಸಹಿತ ಮರಗಳನ್ನು ಹೊತ್ತು ಬಂತು. ಕಲ್ಲಯ್ಯನನ್ನು ದಡದವರು ಎಳೆದುಕೊಂಡರು. ಮುತ್ತಮ್ಮ ಸಿಗಲಿಲ್ಲ.

ಮಧ್ಯಾಹ್ನ ಇನ್ನೊಬ್ಬ ಸವಾರ ಬಂದ. ಇನ್ನೂ ಹೆಚ್ಚು ನೀರು ಬರುತ್ತಿದೆ, ತಗ್ಗಿನ ಕೇರಿ ಖಾಲಿ ಮಾಡಿಸಿ ಎಂದ. ಪಟೇಲರು ತಾವೇ ತಮಟೆ ಹುಡುಕಿ ತಂದು ಕಲ್ಲಯ್ಯನ ಮುಂದೆ ಹಿಡಿದರು.

ಕಲ್ಲಯ್ಯ ಅದನ್ನು ಮುಟ್ಟಲಿಲ್ಲ. ತಗ್ಗಿನ ಕೇರಿಗಿಳಿದು ಮನೆಮನೆಗೂ ನುಗ್ಗಿ, "ಏಳವ್ವ, ಏಳು" ಎನ್ನುತ್ತ ಒಬ್ಬೊಬ್ಬರನ್ನೇ ಕೈ ಹಿಡಿದು ದಿಬ್ಬಕ್ಕೆ ಎಳೆದು ತಂದ. ಕೊನೆಗೆ ತಂದದ್ದು ಮುದುಕಿ ಸಿದ್ದಲಿಂಗಮ್ಮನನ್ನು. ದಿಬ್ಬ ಹತ್ತಿದ ಮೇಲೂ ಅವನು ಅವಳ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.