ಹೋಲಿಸಿ ನೋಡುವ ಸೇತುರಾಮಯ್ಯ

ಸೇತುರಾಮಯ್ಯನವರು ಲೋಕವನ್ನು ಎಡಗಣ್ಣು ಮುಚ್ಚಿಕೊಂಡೇ ನೋಡುತ್ತಿದ್ದರು. ಯಲಹಂಕ ನ್ಯೂ ಟೌನಿನ ಅವರ ಒಂಟಿಕೋಣೆಯ ಮಹಡಿಮನೆಯಿಂದ ತರಕಾರಿ ಅಂಗಡಿಗೆ ನೂರಿಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಹನ್ನೆರಡು ಸಲ ನಿಂತು, ತಲೆಯನ್ನು ಕಾಗೆಯಂತೆ ಓರೆಮಾಡಿ, ಎದುರಿನ ಗೋಡೆಯನ್ನೋ ಎಮ್ಮೆಯನ್ನೋ ಬಣ್ಣ ಕಳೆದು ಬರಿಯ ನೆರಳು-ಬೆಳಕಾಗಿ ಕಂಡ ಮೇಲೆಯೇ ಮುಂದಿನ ಹೆಜ್ಜೆ. ಎಮ್ಮೆಯ ವಿಷಯದಲ್ಲಿ ಈ ಶ್ರಮ ಅನಗತ್ಯವೆಂದು ಹೇಳುವ ಧೈರ್ಯ ಬಡಾವಣೆಯಲ್ಲಿ ಯಾರಿಗೂ ಇರಲಿಲ್ಲ. ಟೊಮೆಟೊ ಮಾಗಿದೆಯೋ ಇಲ್ಲವೋ ಎಂಬುದನ್ನು ಕೆಂಪು ನೋಡಿ ತಿಳಿಯುವುದು ಅವರ ಘನತೆಗೆ ಕುಂದು. ಹಾಗಾಗಿ ಅವರ ಮನೆಯ ಸಾರು ವರ್ಷದಲ್ಲಿ ಆರು ತಿಂಗಳು ಒಗರು, ಉಳಿದ ಆರು ತಿಂಗಳು ಕೊಳೆತ ವಾಸನೆ.

ಅವರ ಬಾಯಲ್ಲಿ ಸದಾ ಒಂದೇ ಮಾತು: ‘ಹೋಲಿಸಿ ನೋಡ್ಬೇಕು.’ ಮಳೆ ಬರುತ್ತದೆಯೇ ಎಂದರೂ ಅದೇ, ಆರೋಗ್ಯವೇ ಎಂದರೂ ಅದೇ. ಯೌವನದಲ್ಲಿ ಬಂದ ಹೆಣ್ಣುಗಳ ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ ಹೋಲಿಸುತ್ತ ಕೂತರಂತೆ. ಹೋಲಿಕೆ ಮುಗಿದು ತಲೆಯೆತ್ತುವ ಹೊತ್ತಿಗೆ ಆ ಹೆಣ್ಣುಗಳ ಮೊಮ್ಮಕ್ಕಳಿಗೆ ನಾಮಕರಣ ನಡೆಯುತ್ತಿತ್ತು. ಬೇಸಿಗೆಯಲ್ಲೂ ಕಳಚದ ಹನ್ನೊಂದು ಜೇಬುಗಳ ಖಾಕಿ ತೋಳಿಲ್ಲದ ಕೋಟು, ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ: ಇದು ಅವರ ಸಂಸಾರ.

ಯಶವಂತಪುರದ ಕಾರ್ಖಾನೆಯೊಂದರ ಕತ್ತಲೆಕೋಣೆಯಲ್ಲಿ ಯಂತ್ರಗಳ ಬಿಡಿಭಾಗಗಳ ಫೋಟೋ ತೊಳೆಯುತ್ತ ಮೂವತ್ತೊಂದು ವರ್ಷ ಸವೆಸಿದವರು, ೨೦೦೯ರಲ್ಲಿ ನಿವೃತ್ತರಾಗಿ ಒಂದು ಡಿಜಿಟಲ್ ಕ್ಯಾಮೆರಾ ಕೊಂಡರು. ಅದು ಎಲ್ಲವನ್ನೂ ಬಣ್ಣದಲ್ಲೇ ಕೊಡುತ್ತದೆಂದು ತಿಳಿದಾಗ ಅವರಿಗಾದ ಆಘಾತ, ಮನೆಬಾಗಿಲಿಗೆ ಮದುವೆ ದಿಬ್ಬಣ ತಪ್ಪಿ ಬಂದ ಬ್ರಹ್ಮಚಾರಿಯದು. ಬಣ್ಣ ತೆಗೆಯುವ ಸಾಫ್ಟ್‌ವೇರುಗಳ ಬೇಟೆ ಆರಂಭವಾದದ್ದು ಅಂದಿನಿಂದ. ಮೂವತ್ತು ದಿನ ಪುಕ್ಕಟೆಯಾಗಿ ದುಡಿದು, ಮೂವತ್ತೊಂದನೆಯ ದಿನ ಕಾಸು ಕೇಳುವ ಆ ಸಾಫ್ಟ್‌ವೇರುಗಳನ್ನು ಒಂದಾದ ಮೇಲೊಂದರಂತೆ ಮನೆದುಂಬಿಸಿಕೊಂಡು, ಗಡುವು ತೀರಿದೊಡನೆ ಬೀಳ್ಕೊಡುತ್ತಿದ್ದರು. ಕೆಳಮನೆಯ ನಂದಕುಮಾರ್ ಒಮ್ಮೆ, ‘ಅಂಕಲ್, ಒಂದ್ ಬಟನ್ ಒತ್ತಿದ್ರೆ ಮುಗೀತು ಕಣ್ರೀ, ಕಲರ್ ಹೋಗ್ಬಿಡತ್ತೆ’ ಎಂದ. ‘ಹೋಗತ್ತಪ್ಪ, ಎಲ್ಲಿಗ್ ಹೋಗತ್ತೆ? ಕೆಂಪು ಯಾವ ಬೂದು ಆಗತ್ತೆ, ಹಸಿರು ಯಾವ ಬೂದು ಆಗತ್ತೆ, ಅದನ್ನ ಹೇಳು’ ಎಂದರು ಸೇತುರಾಮಯ್ಯ. ನಂದಕುಮಾರ್ ಅಂದಿನಿಂದ ಮೆಟ್ಟಿಲ ಬಳಿ ಸದ್ದಿಲ್ಲದೆ ಓಡಾಡಲು ಕಲಿತ.

ಆ ಪ್ರಶ್ನೆಗೆ ಉತ್ತರ ಕೇಳಲು ಕೊನೆಗೂ ಒಬ್ಬರು ಮೆಟ್ಟಿಲು ಹತ್ತಿದರು. ಅಟ್ಟೂರಿನ ತಿರುವಿನಲ್ಲಿ ಹೂ ಮಾರುವ ಅಂಜನಮ್ಮ. ಅಂದು ಹೊಸ ಕ್ಯಾಮೆರಾದಲ್ಲಿ ತೆಗೆದ ಮೊದಲ ಫೋಟೋ ಆಕೆಯದೇ: ಮಡಿಲಲ್ಲಿ ಕನಕಾಂಬರ, ಮೊರದಲ್ಲಿ ಮಲ್ಲಿಗೆ, ಹಣೆಯಲ್ಲಿ ನಾಲ್ಕಾಣೆಯಗಲದ ಕುಂಕುಮ. ೨೦೧೩ರ ಬೇಸಿಗೆಯಲ್ಲಿ ಆಕೆಯ ಗಂಡ ಮುನಿಯಲ್ಲಪ್ಪ ತೀರಿಕೊಂಡ. ಅವನದೆಂದು ಉಳಿದದ್ದು ಹರೆಯದಲ್ಲಿ ಯಾವುದೋ ಅರ್ಜಿಗೆ ತೆಗೆಸಿದ ಒಂದು ಕಪ್ಪು-ಬಿಳುಪು ಫೋಟೋ. ಜೋಡಿಯಾಗಿ ಒಂದೂ ಇಲ್ಲ.

‘ಅವ್ರ ಪಕ್ಕ ನನ್ ಫೋಟೋನೂ ತೂಗಾಕ್ಬೇಕು ಸಾಮಿ, ಇಂಗೇ ಕಪ್ಪುಬಿಳ್ಪಲ್ಲಿ. ಅವ್ರು ಅಂಗೆ, ನಾನು ಕಲರು ಅಂದ್ರೆ, ನೋಡ್ದೋರು ಅಪ್ಪ ಮಗ್ಳು ಅಂದ್ಕಂಡಾರು’ ಎಂದು ನಕ್ಕಳು. ‘ಊವಿನಾರ ಮಾತ್ರ ಅವ್ರಿಗೊಬ್ರಿಗೇ. ನಂದಿನ್ನೂ ಟೈಮದೆ.’

ಸೇತುರಾಮಯ್ಯನವರು ಕಂಪ್ಯೂಟರಿನಲ್ಲಿ ಆಕೆಯ ಆ ಹಳೆಯ ಫೋಟೋ ತೆರೆದು, ಬಣ್ಣ ತೆಗೆದು, ಕೆಂಪು ಎಷ್ಟು ಬೆಳ್ಳಗಾಗಬೇಕೆಂದು ತಿದ್ದುವ ಗುಂಡಿಯನ್ನು ಹುಮ್ಮಸ್ಸಿನಿಂದ ಬಲಕ್ಕೆಳೆದರು. ಮುಖ ಬೆಳಗಿತು, ಸುಕ್ಕು ಕರಗಿತು, ವಯಸ್ಸು ಹತ್ತು ವರ್ಷ ಇಳಿಯಿತು. ಅಂಜನಮ್ಮ ಮುಂದೆ ಬಾಗಿ ನೋಡಿದಳು. ಕನಕಾಂಬರವೆಲ್ಲ ಬೆಳ್ಳಗಾಗಿ ಮಲ್ಲಿಗೆಯೊಡನೆ ಕಲೆತುಹೋಗಿತ್ತು, ಹಣೆ ಬರಿದಾಗಿತ್ತು.

‘ಅವತ್ತು ನೆಂಟ್ರೆಲ್ಲ ಸೇರ್ಕಂಡು ಕುಂಕ್ಮ ಅಳ್ಸುದ್ರು,’ ಎಂದಳು ಮೆಲ್ಲಗೆ. ‘ನೀವು ಫೋಟೋದಾಗೂ ಅಳ್ಸಿಬುಟ್ರಾ ಸಾಮಿ?’

ಎರಡೂ ಕಣ್ಣು ತೆರೆದು ಸೇತುರಾಮಯ್ಯನವರು ಮನುಷ್ಯರೊಬ್ಬರನ್ನು ನೋಡಿದ್ದು ಬಹುಶಃ ಅದೇ ಮೊದಲು. ‘ಇದೊಂದೇ ಅಲ್ಲಮ್ಮ, ಬೇರೇದೂ ಇವೆ. ಹೋಲಿಸಿ ನೋಡ್ಬೇಕು. ಮುಂದಿನ ಬುಧವಾರ ಬನ್ನಿ’ ಎಂದರು.

ಬುಧವಾರ ಹೂವಿನ ವ್ಯಾಪಾರ ಸಪ್ಪೆ. ಮಧ್ಯಾಹ್ನ ಮಿಕ್ಕ ಹೂವನ್ನು ಒದ್ದೆಬಟ್ಟೆಯಲ್ಲಿ ಸುತ್ತಿಕೊಂಡು ಅಂಜನಮ್ಮ ಬರತೊಡಗಿದಳು. ಏಳು ಅಂಗಡಿ ಸುತ್ತಿ, ಹೋಲಿಸಿ ನೋಡಿ, ಸೇತುರಾಮಯ್ಯನವರು ಎರಡನೆಯ ಲೋಟ ತಂದರು. ಪರದೆಯ ಮೇಲೆ ಅಕ್ಕಪಕ್ಕ ಇಬ್ಬರು ಅಂಜನಮ್ಮಂದಿರು. ಎದುರಿಗೆ ಮೂರನೆಯವಳು ಕಾಫಿ ಹಿಡಿದು ತೀರ್ಪುಗಾರಳಾಗಿ. ‘ಇದ್ರಾಗೆ ಕನಕಾಂಬ್ರ ಸುಟ್ಟೋಗದೆ, ಬೆಲೆ ಬರಾಕಿಲ್ಲ.’ ‘ಇದ್ರಾಗೆ ಮಲ್ಗೆ ನಿನ್ನೇದು.’ ‘ಇದ್ರಾಗೆ ನಾನು ಇದ್ಲು ಮಾರೋಳಂಗಿವ್ನಿ.’ ಕುಂಕುಮ ಕಪ್ಪಾದರೆ ಮುಖವೂ ಕಪ್ಪು, ಮುಖ ಬೆಳಗಿದರೆ ಕುಂಕುಮ ಮಾಯ. ಬೂದು ಬಣ್ಣದಲ್ಲಿ ಇಷ್ಟು ಬಗೆಯಿದೆಯೆಂದು ಕಂಡುಹಿಡಿದ ಸಾಫ್ಟ್‌ವೇರಿನವರಿಗೂ ಈ ಹೂವಾಡಗಿತ್ತಿಯ ಮುಂದೆ ಪರೀಕ್ಷೆ ಪಾಸಾಗುವುದು ದುಸ್ತರವಾಗಿತ್ತು. ಇಪ್ಪತ್ತೇಳು ಸಾಫ್ಟ್‌ವೇರುಗಳು ಬಂದವು, ಹೋದವು. ಒಂದು ಯುಗಾದಿ, ಎರಡು ಗಣೇಶನ ಹಬ್ಬ ದಾಟಿದವು. ಬುಧವಾರ ಬಿಟ್ಟು ವಾರದಲ್ಲಿ ಇನ್ನಾರು ದಿನ ಇರುವುದೇಕೆಂದು ಸೇತುರಾಮಯ್ಯನವರಿಗೆ ಅರ್ಥವಾಗದಂತಾಯಿತು.

ಮರುವರ್ಷ ಆಯುಧಪೂಜೆ ಕಳೆದ ಬುಧವಾರ ಅಂಜನಮ್ಮ ಕೂರಲಿಲ್ಲ. ‘ಸೋಮ್ವಾರ ರಾಜಾನುಕುಂಟೆಗೆ ಒಂಟೋಯ್ತಿವ್ನಿ, ಮಗ್ಳ್ ಮನೆಗೆ. ಕಾಲು ಕೇಳಾಕಿಲ್ಲ, ಬಸ್ಸತ್ಕಂಡು ಬರಾಕಾಗಾಕಿಲ್ಲ. ಯಾವ್ದೋ ಒಂದ್ ಕೊಟ್ಬುಡಿ ಸಾಮಿ.’

ಅವರು ‘ಹೋಲಿಸಿ...’ ಎಂದು ಆರಂಭಿಸಿ, ಎದ್ದು ಬೀರು ತೆರೆದರು. ಬೀರುವಿನ ತಳದಿಂದ ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟನ್ನು ತೆಗೆದು ಕೊಟ್ಟರು. ಕಟ್ಟು ಹಾಕಿಸಿದ ಫೋಟೋ. ಮುಖ ಬೆಳಗಿತ್ತು, ಮಲ್ಲಿಗೆ ಮಲ್ಲಿಗೆಯಾಗಿಯೂ ಕನಕಾಂಬರ ಕನಕಾಂಬರವಾಗಿಯೂ ಇತ್ತು, ಹಣೆಯ ನಡುವೆ, ಕಪ್ಪೂ ಅಲ್ಲದ ಬೂದೂ ಅಲ್ಲದ ಒಂದು ದುಂಡು ಬೊಟ್ಟು. ಅಂಜನಮ್ಮ ಸೆರಗಿನಿಂದ ಗಾಜು ಒರೆಸಿ, ಬೊಟ್ಟಿನ ಮೇಲೆ ಬೆರಳಿಟ್ಟಳು. ಆಮೇಲೆ ಕಣ್ಣು ಹಳದಿಗಟ್ಟಿದ ಪತ್ರಿಕೆಯ ಕಡೆ ಹೋಯಿತು. ಅದರಲ್ಲಿ ಹಬ್ಬದ ಹಿಂದಿನ ದಿನ ಹೂವಿನ ಮಾರುಕಟ್ಟೆಯ ನೂಕುನುಗ್ಗಲಿನ ಚಿತ್ರ.

‘ಇದು ಓದ್‌ವರ್ಸದ್ ವರಮಾಲಕ್ಷ್ಮಿ ಪೇಪರಲ್ವಾ ಸಾಮಿ?’

ಸೇತುರಾಮಯ್ಯನವರು ಕೋಟಿನ ಹನ್ನೊಂದು ಜೇಬುಗಳಲ್ಲೂ ಉತ್ತರ ಹುಡುಕಿದರು. ಮೂರನೆಯ ಬುಧವಾರಕ್ಕೇ ಸಿದ್ಧವಾಗಿದ್ದ ಫೋಟೋ ಅದು.

ಅಂಜನಮ್ಮ ಪತ್ರಿಕೆಯನ್ನು ಮಡಿಕೆ ಕೆಡದಂತೆ ಮತ್ತೆ ಸುತ್ತಿ, ಕಟ್ಟನ್ನು ಪಕ್ಕಕ್ಕಿಟ್ಟು, ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತಳು. ‘ಕಾಫಿ ಮಡಗಿ,’ ಎಂದಳು. ‘ಕುಡ್ದೇ ಓಯ್ತೀನಿ.’

ಈಗಲೂ ಬುಧವಾರ ಮಧ್ಯಾಹ್ನ ಅವರ ಕಂಪ್ಯೂಟರಿನಲ್ಲಿ ಅಂಜನಮ್ಮನ ಅದೇ ಎರಡು ಮುಖಗಳು ಅಕ್ಕಪಕ್ಕ ಬೆಳಗುತ್ತವೆ. ಎರಡು ಲೋಟಗಳನ್ನೂ ತೊಳೆದಿಡುತ್ತಾರೆ.

ಹೋಲಿಸಿ ನೋಡುವವರೆಲ್ಲ ಆರಿಸಿಕೊಳ್ಳಲೆಂದೇ ಹೋಲಿಸುತ್ತಾರೆಂದು ನಾವು ತಪ್ಪು ತಿಳಿಯುತ್ತೇವೆ. ಆರಿಸಿಯಾದ ಮೇಲೆ ಅಂಗಡಿಯಿಂದ ಏಳಬೇಕಾಗುತ್ತದೆ. ಮನೆಯಲ್ಲಿ ಕಾಯುವವರಿದ್ದರೆ ಏಳುವುದು ಸುಲಭ. ಇಲ್ಲದವರು ಇನ್ನೊಂದು ಸೀರೆ ಬಿಚ್ಚಿಸುತ್ತಾರೆ, ಬಂದ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ನಿಲ್ಲುತ್ತಾರೆ. ಅಂಥವರಿಗೆ ಯಾವುದು ಒಳ್ಳೆಯದೆಂದು ತಟ್ಟನೆ ಹೇಳಿಬಿಡುವುದು ಜಾಣತನವಿರಬಹುದು, ದಯೆಯಂತೂ ಅಲ್ಲ. ಗೊತ್ತಿದ್ದೂ ಗೊತ್ತಿಲ್ಲದವರಂತೆ, ಒಂದು ಲೋಟ ಕಾಫಿ ಆರುವಷ್ಟು ಹೊತ್ತು, ಅವರ ಜೊತೆ ಕೂತು ಹೋಲಿಸಬೇಕು.