ತಾಟು ಮತ್ತು ಪೇಪರ್ ಪ್ಲೇಟು

ಹಲಬರ್ಗಾದ ಹತ್ತಿರದ ದಿಬ್ಬ ಅಗೆದು ನಾನು ಕಂಡುಕೊಂಡದ್ದು ಇಷ್ಟೇ: ಎರಡು ಸಾವಿರ ವರ್ಷದ ಹಿಂದೆ ಅಲ್ಲಿನ ಎರಡೂ ಕೇರಿಯವರು ತಿಂದದ್ದು ಅದೇ ಕಾಳು, ಅದೇ ಮಾಂಸ. ಆದರೆ ಮೇಲಿನ ಕೇರಿಯಲ್ಲಿ ಸಿಕ್ಕದ್ದು ಹೊಳೆಯುವ ನುಣುಪು ಬಟ್ಟಲು, ಕೆಳಗಿನ ಕೇರಿಯಲ್ಲಿ ಒರಟು ಮಡಕೆಯ ಚೂರು. ಊಟ ಒಂದೇ ಆದರೂ ಪಾತ್ರೆ ಬೇರೆ ಮಾಡಿಟ್ಟ ಜನ ಇವರು ಎಂದು ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ಒಂದು ಅಧ್ಯಾಯ ಬರೆದೆ.

ನನ್ನ ಗೈಡ್ ವಿಶ್ವಾಸ ಸರ್ ಅದರ ಮೇಲೆ ಅಡ್ಡಡ್ಡ ಗೀಟು ಹೊಡೆದರು.

"ಪ್ರಣಾಲಿ, ಊಟ ಒಂದೇ ಇದ್ದ ಮ್ಯಾಲ ಭೇದ ಎಲ್ಲಿಂದ ಬಂತವಾ? ಪಾತ್ರಿ ಅನ್ನೋದು ಅವರವರ ಅನುಕೂಲ. ಈ ಅಧ್ಯಾಯ ತೆಗಿ. ಇಲ್ಲಂದ್ರ ನಾ ಸಹಿ ಹಾಕಂಗಿಲ್ಲ."

ಎಷ್ಟು ದೊಡ್ಡ ಮನಸ್ಸು ನೋಡಿ! ಸತ್ತು ಮಣ್ಣಾದವರಿಗೂ ಕೆಟ್ಟ ಹೆಸರು ಬರಬಾರದು. ವರ್ಷಗಟ್ಟಲೆಯ ದುಡಿಮೆ ಹಾಳಾದರೆ ಆಗಲಿ, ಅದು ನನ್ನದು ತಾನೆ.

ಅಂದೇ ಮಧ್ಯಾಹ್ನ ದಿಬ್ಬದ ಮಾಲೀಕ ಪಂಢರಿ ಪಾಟೀಲರು ನಮ್ಮ ತಂಡವನ್ನು ಊಟಕ್ಕೆ ಕರೆದರು. ಬಾಗಿಲಲ್ಲೇ ನನ್ನ ವಿಚಾರಣೆ ಶುರುವಾಯಿತು.

"ಯಾವೂರವಾ ನಿಂದು?"

"ಔರಾದ್ ರೀ."

"ಔರಾದದಾಗ ಯಾವ ಓಣಿ?"

ಹೇಳಿದೆ.

"ಅಪ್ಪನ ಹೆಸರು?"

"ನಾಗಸೇನ ರೀ."

ಅಬ್ಬಾ! ತಿಂಗಳುಗಟ್ಟಲೆ ಪದರ ಪದರ ಕೆರೆದರೂ ನಮಗೆ ಸಿಗದ ಜಾತಿಯನ್ನು ಈ ಮಹಾನುಭಾವರು ಹೊಸ್ತಿಲಲ್ಲಿ ನಿಂತೇ ಅಗೆದು ತೆಗೆದರು. ಡಾಕ್ಟರೇಟ್ ಕೊಡುವುದಿದ್ದರೆ ಇವರಿಗೇ ಕೊಡಬೇಕು.

ಊಟ ಬಂತು. ಎಲ್ಲರಿಗೂ ಅದೇ ಬಿಸಿ ಜೋಳದ ರೊಟ್ಟಿ, ಅದೇ ಪುಂಡಿಪಲ್ಯ. ಸರ್ ಮತ್ತು ಉಳಿದವರಿಗೆ ಸ್ಟೀಲಿನ ತಾಟು. ನನಗೂ, ಮಡಕೆ ಚೂರುಗಳ ಚಿತ್ರ ಬರೆಯುವ ಬೀದರಿನ ಅಕ್ಸಾಗೂ ಪೇಪರ್ ಪ್ಲೇಟು.

"ತಾಟು ಕಮ್ಮಿ ಬಿದ್ದಾವ, ತಪ್ಪು ತಿಳ್ಕೋಬ್ಯಾಡ್ರವಾ," ಎಂದರು ಪಾಟೀಲರು. ಅವರ ಬೆನ್ನ ಹಿಂದೆಯೇ ಸ್ಟ್ಯಾಂಡಿನ ತುಂಬ ತಾಟುಗಳು ಮಿಂಚುತ್ತಿದ್ದವು.

"ತೊಳಿಯೋ ತ್ರಾಸಿಲ್ಲ. ನಮ್ಮ ನಸೀಬ ಛಲೋ ಅದ," ಎಂದು ಅಕ್ಸಾ ಪಿಸುಗುಟ್ಟಿದಳು. ನನಗೆ ನಗು ಬಂತು, ಹಿಂದೆಯೇ ಅವಮಾನದಿಂದ ಕಣ್ಣು ಉರಿಯಿತು. "ರೊಟ್ಟಿ ಭಾಳ ಮೆತ್ತಗ ಆಗ್ಯಾವ್ರಿ," ಎನ್ನುತ್ತ ಸರ್ ಉಂಡರು. ಹಳೆಯ ಬಟ್ಟಲಿನ ಅಂಚನ್ನು ಭೂತಗನ್ನಡಿ ಹಿಡಿದು ನೋಡುವವರಿಗೆ ಪಕ್ಕದ ಪ್ಲೇಟು ಕಾಣಲಿಲ್ಲ.

ನಾನು ಪ್ಲೇಟು ಎಸೆಯಲಿಲ್ಲ. ಒರೆಸಿ, ಚೂರು ಹಾಕಿಡುವ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಸಂಜೆ ಸರ್ ಮೇಜಿನ ಮೇಲಿದ್ದ ನನ್ನ ಅಧ್ಯಾಯದ ಮೇಲೆ ಇಟ್ಟೆ.

ಸರ್ ಅಭ್ಯಾಸದಂತೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಮೇಲಿನ ಪದರ. ಪಾಟೀಲರ ಮನೆ. ಊಟ ಒಂದೇ. ಪಾತ್ರೆ..."



"ಅನುಕೂಲ ಅಂತ ಬರದೀನ್ರಿ ಸರ್, ನಿಮ್ಮದೇ ಮಾತು," ಎಂದೆ. "ಅಧ್ಯಾಯ ತೆಗಿಯಂಗಿಲ್ಲ. ಅಕ್ಸಾ ಈ ಪ್ಲೇಟಿನ ಚಿತ್ರ ಬರದಾಳ, ಬಾಜೂಕ ನಿಮ್ಮ ತಾಟಿಂದೂ. ಇನ್ನ ಸಹಿ ನಿಮ್ಮ ಅನುಕೂಲ."