ತೊಡೆಯ ಮೇಲಿನ ಕೀಬೋರ್ಡ್

"ಎಡಗೈ ಸ್ವಲ್ಪ ಈ ಕಡಿ ತರ್ರಿ. ಬೆಳ್ಳು ಕಂಟ್ರೋಲ್ ಮ್ಯಾಗ ಬರ್ಬೇಕು," ಎನ್ನುತ್ತ ಈಶ್ವರ್ ಸತ್ತ ಸಂಗಮ್ಮ ಮೇಡಂ ಅವರ ಬೆರಳನ್ನು ತಾನೇ ಹಿಡಿದು ಕೀಬೋರ್ಡಿಗೆ ಒತ್ತಿದ. ಸೆಟೆದ ಬೆರಳು ನಿಲ್ಲಲಿಲ್ಲ. ಮತ್ತೆ ಒತ್ತಿದ. ಥೂ!

ಕಂಪ್ಲಿಯ ಆ ಮನೆಯ ಪಡಸಾಲೆಯಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ, ತೋಳು, ಕೈ ತುಂಬ ವಿಭೂತಿ. ಎಡ ಅಂಗೈಯಲ್ಲಿ ಲಿಂಗ ಇರಬೇಕಾದ ಹೊತ್ತಿನಲ್ಲಿ ತೊಡೆಯ ಮೇಲೆ ಕಂಪ್ಯೂಟರ್ ಸೆಂಟರಿನ ಕೀಬೋರ್ಡು. ಅಲ್ಲಿ ಕಲಿಸುತ್ತಿದ್ದ ಮೇಡಂ ಕೊನೆಯ ಸಲ ಕಂಟ್ರೋಲ್-ಎಸ್ ಒತ್ತಿ ಸೇವ್ ಮಾಡುವ ವಿಡಿಯೋ ಸೆಂಟರಿನ ಯಜಮಾನ ಈಶ್ವರನಿಗೆ ಬೇಕಿತ್ತು. ಹೊರಗೆ ಅವನು ಕಟ್ಟಿಸಿದ್ದ ಫ್ಲೆಕ್ಸ್ ನೋಡಿದರೆ ಇನ್ನೂ ಹೇಸಿಗೆ. "ಮೇಡಂ, ನೀವು ನಮ್ಮ ಹೃದಯದಲ್ಲಿ ಸೇವ್ ಆಗಿದ್ದೀರಿ" ಎಂದು ಬರೆಸಿ, ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ "ಪ್ರವೇಶ ಆರಂಭ" ಎಂದು ಹಾಕಿಸಿದ್ದ.

"ಕೈಯಾಗ ಲಿಂಗ ಕೊಡ್ಬೇಕಪ, ಹೊತ್ತಾತು," ಅಂದರು ಪೂಜೆಗೆ ಬಂದಿದ್ದ ಅಯ್ಯನವರು.

"ಒಂದ ನಿಮಿಷ ಅಯ್ಯಾರ. ಹುಡುಗ್ರು ಸ್ಟೇಟಸ್ ಇಡ್ತಾರ, ಮೇಡಂ ಹೆಸ್ರು ಬೆಳಿತೈತಿ."

ಯಾರ ಹೆಸರು ಬೆಳೆಯುತ್ತದೋ ಎಲ್ಲರಿಗೂ ಗೊತ್ತು. ಮೇಡಂ ಅವರ ಅಕ್ಕ ಮುದುಕಮ್ಮ ಬಾಯಿಗೆ ಸೆರಗಿಟ್ಟು ಕೂತಿದ್ದಳು. "ಮಣ್ಣಿಗೆ ಒಯ್ಯೊ ಟ್ರ್ಯಾಕ್ಟರ್ ಅವ್ರದ, ಶಾಮಿಯಾನ ಅವ್ರದ. ಏನಂತ ಅನ್ಬೇಕವ್ವ?" ಎಂದು ಪಕ್ಕದ ತಾಯಕ್ಕನ ಕಿವಿಯಲ್ಲಿ ಗೊಣಗಿದಳು.

ತಾಯಕ್ಕ ತಲೆ ತಗ್ಗಿಸಿ ಕೂತಲ್ಲೇ ಕೂತಳು. ಅವಳು ಮೇಡಂ ಅವರ ಶಿಷ್ಯೆ. ಸೋಮವಾರದಿಂದ ಮೇಡಂ ಕ್ಲಾಸು ನಿನ್ನದೇ ಎಂದು ಈಶ್ವರ್ ಬೆಳಗ್ಗೆ ತಾನೇ ಹೇಳಿದ್ದ. ಈ ಕೆಲಸ ತಪ್ಪಿದರೆ ಮತ್ತೆ ಪಕ್ಕದೂರು ಮೆಟ್ರಿಯ ಗದ್ದೆಗಳಲ್ಲಿ ಭತ್ತದ ನಾಟಿಗೇ ಇಳಿಯಬೇಕು.

*

ಮೇಡಂ ಬದುಕಿದ್ದಾಗ ಸೆಂಟರಿನಲ್ಲಿ ಒಂದು ಮೌಸೂ ನೆಟ್ಟಗಿರಲಿಲ್ಲ. ಕೇಳಿದರೆ ಈಶ್ವರ್ "ಮುಂದಿನ ತಿಂಗ್ಳು" ಅನ್ನುತ್ತಿದ್ದ. ಆ ತಿಂಗಳು ಬರಲೇ ಇಲ್ಲ. ಮದುವೆ ಮಕ್ಕಳಿಲ್ಲದ ಸಂಗಮ್ಮ ಮೇಡಂಗೆ ಸೆಂಟರಿನ ಮಹಡಿ ಕೋಣೆಯಲ್ಲೇ ತಲೆ ನರೆತಿತ್ತು. ಒಂದು ದಿನ ರೋಸಿಹೋಗಿ ಮೌಸುಗಳನ್ನೆಲ್ಲ ಕಿತ್ತು ಬಕೆಟ್ಟಿಗೆ ಹಾಕಿದರು.

"ಮೌಸ್ ಇಲ್ದ ಹೆಂಗ್ರಿ ಮೇಡಂ?" ಎಂದಳು ಆಗಿನ್ನೂ ಹೊಸದಾಗಿ ಸೇರಿದ್ದ ತಾಯಕ್ಕ.

"ಬೆಳ್ಳು ಅದಾವಲ್ಲವ್ವ! ಆಲ್ಟ್ ಹಿಡಿ, ಟ್ಯಾಬ್ ಒತ್ತು. ಸ್ಕ್ರೀನ್ ಬದ್ಲಾತಿಲ್ಲ? ನಾಟಿ ಹಚ್ಚೋ ಕೈ ನಿಂದು, ಇದೇನ್ ದೊಡ್ದು?"

ತಾಯಕ್ಕ ತಪ್ಪು ಒತ್ತಿ, ಹೆದರಿ ಕೈ ಎಳೆದುಕೊಂಡಳು. ಮೇಡಂ ಬೈದರು, ಆದರೆ ಕೈ ಹಿಡಿದು ಒತ್ತಿಸಲಿಲ್ಲ. ಅವರು ಯಾರ ಬೆರಳನ್ನೂ ಹಿಡಿದು ಒತ್ತಿಸಿದವರಲ್ಲ. "ನಿನ್ ಬೆಳ್ಳು, ನೀನ ಒತ್ಬೇಕು," ಎಂದು ಕೈಕಟ್ಟಿ ನಿಂತು ಕಾಯುತ್ತಿದ್ದರು.

*

"ಈಗ ಎಸ್ ಮ್ಯಾಗ," ಎಂದ ಈಶ್ವರ್. ಈ ಸಲ ಎಷ್ಟು ಬಲವಾಗಿ ಮಣಿಸಿದನೆಂದರೆ ಬೆರಳ ಗೆಣ್ಣು ಲಟಕ್ಕೆಂದಿತು. ವಿಡಿಯೋಗೆ ಮೊಬೈಲ್ ಹಿಡಿದ ಹುಡುಗರಲ್ಲೊಬ್ಬ ಕಿಸಕ್ಕನೆ ನಕ್ಕ.

ತಾಯಕ್ಕ ಎದ್ದಳು.

"ಬಿಡ್ರಿ ಸರ್ ಆ ಕೈನ."

"ಏ, ಸುಮ್ಕ ಕುಂದ್ರು. ಸೋಮವಾರ ಕ್ಲಾಸಿಗೆ ಬರಾದೈತೊ ಇಲ್ಲೊ?"

"ನಿಮ್ ಕ್ಲಾಸಿಗೆ ಬೆಂಕಿ ಬೀಳ್ಲಿ! ಜೀವ ಇರಾಗ ಒಂದ್ ಮೌಸ್ ಕೊಡ್ಲಿಲ್ಲ, ಈಗ ಹೆಣದ ಕೈಲೆ ಟೈಪ್ ಮಾಡುಸ್ತೀರಿ. ನಾಚ್ಕಿ ಆಗಲ್ಲೇನ್ರಿ?"

ಕೀಬೋರ್ಡನ್ನು ಕಿತ್ತು ಅವನ ಎದೆಗೆ ತುರುಕಿದಳು. ಮುದುಕಮ್ಮ ಎದ್ದು ಬಂದು ತಂಗಿಯ ಅಂಗೈಯನ್ನು ಮೆಲ್ಲಗೆ ಅಗಲಿಸಿದಳು. ಅಯ್ಯನವರು ಅದರಲ್ಲಿ ಲಿಂಗವಿಟ್ಟರು.

"ಸೋಮವಾರ ಬರಬ್ಯಾಡ ನೀ," ಎಂದ ಈಶ್ವರ್.

"ಬರಲ್ಲ," ಅಂದಳು ತಾಯಕ್ಕ.

ರುದ್ರಭೂಮಿಯಲ್ಲಿ ಮೇಡಂ ಅವರನ್ನು ಗುಣಿಯೊಳಗೆ ಕೂರಿಸಿ ಜನ ಒಬ್ಬೊಬ್ಬರಾಗಿ ಮಣ್ಣು ಹಾಕುತ್ತಿದ್ದರು. ಈಶ್ವರ್ ಟ್ರ್ಯಾಕ್ಟರಿನ ಮರೆಯಲ್ಲಿ ನಿಂತು, ಮೊಬೈಲನ್ನು ಹೆಗಲಿಗೆ ಆನಿಸಿಕೊಂಡು, "ಹೌದ್ರೀ, ಸೋಮವಾರದಿಂದನ. ಲೇಡಿ ಟೀಚರ್ ಆದ್ರ ಚಲೊ," ಎನ್ನುತ್ತಿದ್ದ. ಮಾತಾಡುತ್ತಲೇ ಕೀಬೋರ್ಡನ್ನು ತಲೆಕೆಳಗು ಹಿಡಿದು ಗಾಲಿಗೆ ಪಟಪಟ ಬಡಿದ. ಸಂಗಮ್ಮ ಮೇಡಂ ಅವರ ಕೈಯ ವಿಭೂತಿ ಅವನ ಚಪ್ಪಲಿಗಳ ಮೇಲೆ ಉದುರುತ್ತಿತ್ತು.